ಗ್ಯಾಂಬಿಟ್ ಅಂದರೆ ಜೂಜಲ್ಲ, ಕಾಲು ಕೊಡುವುದು

ಮೊನ್ನೆ ಅಡಿಕೆ ಮಂಡಿ ಹತ್ತಿರ ಸಿಕ್ಕಿದ ಪರಿಚಯದವರೊಬ್ಬರು ಹೇಳಿದರು: "ರೇಟು ಏರಬಹುದು ಅಂತ ಹೋದ ವರ್ಷದ ಮಾಲು ಇನ್ನೂ ಮನೆಯಲ್ಲೇ ಇಟ್ಟಿದ್ದೀನಿ ಮಾರಾಯ್ರೆ, ದೊಡ್ಡ ಗ್ಯಾಂಬಿಟ್ ಇದು." ಅಲ್ಲ, ಅದು ಜೂಜು. ಅದೇ ವಾರ ಶಿವಮೊಗ್ಗದಲ್ಲಿ ಮಕ್ಕಳ ಚೆಸ್ ಟೂರ್ನಿ ಇತ್ತು. ಆಟದ ಕೊನೆಯಲ್ಲಿ ರಾಣಿ ಕೊಟ್ಟು, ಎದುರಾಳಿಯ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಮೇಟ್ ಮಾಡಿ ಗೆದ್ದ ಹುಡುಗಿಯ ಬೆನ್ನು ತಟ್ಟಿ ಅವಳಪ್ಪ "ಎಂಥಾ ಗ್ಯಾಂಬಿಟ್ ಪುಟ್ಟಿ!" ಅಂದರು. ಆಟ ಬಹಳ ಚೆನ್ನಾಗಿತ್ತು, ಆದರೆ ಅದೂ ಗ್ಯಾಂಬಿಟ್ ಅಲ್ಲ. ಅದು ಬಲಿ, ಅಂದರೆ ಲಾಭಕ್ಕಾಗಿ ಬೇಕೆಂದೇ ಕಾಯಿ ಬಿಟ್ಟುಕೊಡುವುದು.

ಗ್ಯಾಂಬಿಟ್ ಕೂಡ ಬಲಿಯೇ, ಆದರೆ ಆಟದ ಶುರುವಿನಲ್ಲಿ ಕೊಡುವ ಬಲಿ. ಹೆಚ್ಚಾಗಿ ಒಂದು ಕಾಲಾಳು. ಅದನ್ನು ಹೊಡೆಯಲು ಎದುರಾಳಿಗೆ ಒಂದೆರಡು ನಡೆ ಖರ್ಚಾಗುತ್ತದೆ, ಅಷ್ಟರಲ್ಲಿ ನಮ್ಮ ಕುದುರೆ, ಬಿಷಪ್‌ಗಳು ಹೊರಗೆ ಬಂದಿರುತ್ತವೆ. ಇಷ್ಟೇ ವ್ಯವಹಾರ. ಹಾಗಾಗಿ "ಆರಂಭಿಕ ಗ್ಯಾಂಬಿಟ್" ಅಂತ ಬರೆಯುವವರು ದಯವಿಟ್ಟು ಒಂದು ಪದ ಉಳಿಸಿ.

ಈ ಗೊಂದಲಕ್ಕೆಲ್ಲ ಮದ್ದು ಪದದ ಮೂಲದಲ್ಲೇ ಇದೆ. ಇಟಾಲಿಯನ್‌ನಲ್ಲಿ ಗಂಬಾ ಅಂದರೆ ಕಾಲು. ಗಂಬೆಟ್ಟೊ ಅಂದರೆ ಪುಟ್ಟ ಕಾಲು; ಎದುರಿನವನ ಕಾಲಿಗೆ ಕಾಲು ಸಿಕ್ಕಿಸಿ ಬೀಳಿಸುವುದಕ್ಕೂ ಅದೇ ಹೆಸರು. "ದಾರೆ ಇಲ್ ಗಂಬೆಟ್ಟೊ" ಅನ್ನುತ್ತಾರೆ, ಪದಕ್ಕೆ ಪದ ಇಟ್ಟರೆ "ಕಾಲು ಕೊಡು". ನಾವೂ "ಕಾಲು ಕೊಟ್ಟು ಬೀಳಿಸಿದ" ಅಂತಲೇ ಹೇಳುತ್ತೇವೆ, ಅಲ್ವಾ? ಎರಡು ಭಾಷೆಗೂ ಸಂಬಂಧವಿಲ್ಲ, ಆದರೂ ಎರಡರಲ್ಲೂ ಕಾಲನ್ನು "ಕೊಡುತ್ತಾರೆ". ಇದನ್ನು ಮೊದಲು ಗಮನಿಸಿದ ದಿನ ನನಗಾದ ಖುಷಿ ಇವತ್ತಿಗೂ ಕಮ್ಮಿಯಾಗಿಲ್ಲ. ಈ ಪದವನ್ನು ಚೆಸ್ ಆರಂಭಗಳಿಗೆ ತಂದವನು ಸ್ಪೇನಿನ ಪಾದ್ರಿ ರುಯ್ ಲೋಪೆಜ್, 1561ರ ತನ್ನ ಪುಸ್ತಕದಲ್ಲಿ. ಗ್ಯಾಂಬ್ಲಿಂಗ್ (ಜೂಜು) ಬೇರೆಯೇ ಮನೆಯ ಪದ, ಗೇಮ್ ಅನ್ನುವುದರ ನೆಂಟ. ಸದ್ದು ಒಂದೇ ಥರ ಇದೆ ಅಂತ ಸುಮ್ನೆ ಎರಡನ್ನೂ ಗಂಟು ಹಾಕಬೇಡಿ.

ಮಾರಿ ಜಾತ್ರೆಯ ಕುಸ್ತಿಯನ್ನು ಹತ್ತಿರದಿಂದ ನೋಡಿದ್ದರೆ ಇದು ಬೇಗ ಅರ್ಥವಾಗುತ್ತದೆ. ಕಾಲು ಸಿಕ್ಕಿಸಬೇಕಾದರೆ ಪೈಲ್ವಾನ ಅರೆಗಳಿಗೆ ಒಂಟಿ ಕಾಲಲ್ಲಿ ನಿಲ್ಲಬೇಕು. ಊರಿದ ಕಾಲಿನ ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿದಿರುತ್ತವೆ. ಆಗ ಎದುರಿನವನು ಸರಿಯಾಗಿ ತಳ್ಳಿದರೆ ಇವನೇ ಮಲಗುತ್ತಾನೆ. ಗ್ಯಾಂಬಿಟ್‌ನ ಅಪಾಯ ಈ ಜಾತಿಯದು. ಅದೃಷ್ಟದ್ದಲ್ಲ, ತಾನೇ ಕೊಟ್ಟ ಕಾಲಿನದು. ಕಿಂಗ್ಸ್ ಗ್ಯಾಂಬಿಟ್ ನೋಡಿ: ಬಿಳಿ ಇ4, ಕಪ್ಪು ಇ5, ಆಮೇಲೆ ಬಿಳಿ ಎಫ್4 (ಅಕ್ಷರ, ಅಂಕಿ ಸೇರಿದರೆ ಹಲಗೆಯ ಒಂದು ಮನೆಯ ಹೆಸರು). ಆ ಎಫ್ ಕಾಲಾಳು ರಾಜನ ಪಕ್ಕದ ಬಾಗಿಲು. ಅದನ್ನು ತೆಗೆದು ಕೊಟ್ಟರೆ ದಾಳಿಗೆ ದಾರಿ ಸಿಗುತ್ತದೆ, ನಮ್ಮ ರಾಜನಿಗೂ ಗಾಳಿ ಹೊಡೆಯುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಆಟಗಾರ ಆಂಡರ್ಸನ್ ಇದನ್ನೇ ಆಡಿ, ಮುಂದೆ ಒಂದು ಬಿಷಪ್, ಎರಡೂ ಆನೆ, ರಾಣಿ ಎಲ್ಲ ಕೊಟ್ಟು ಎದುರಾಳಿ ಕೀಸೆರಿಟ್ಸ್‌ಕಿಗೆ ಮೇಟ್ ಮಾಡಿದ. ಅದರಲ್ಲಿ ಗ್ಯಾಂಬಿಟ್ ಅಂದರೆ ಎಫ್ ಕಾಲಾಳು ಒಂದೇ. ಉಳಿದವೆಲ್ಲ ಬಲಿ.

ಕ್ವೀನ್ಸ್ ಗ್ಯಾಂಬಿಟ್ ಹೆಸರಿಗೆ ಮಾತ್ರ ಗ್ಯಾಂಬಿಟ್. ಬಿಳಿ ಡಿ4, ಕಪ್ಪು ಡಿ5, ಬಿಳಿ ಸಿ4. ಆ ಸಿ ಕಾಲಾಳನ್ನು ಹೊಡೆದವರು ಉಳಿಸಿಕೊಳ್ಳಲು ಹೋದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ, ಬಿಳಿಯವರಿಗೆ ಅದು ಸಾಮಾನ್ಯವಾಗಿ ವಾಪಸ್ ಬರುತ್ತದೆ.

ಈಗಿನ ಹುಡುಗರು ಗ್ಯಾಂಬಿಟ್ ಅಂದರೆ ಬಲೆ ಅಂದುಕೊಂಡಿದ್ದಾರೆ. ಇದು ಮೊಬೈಲ್ ವಿಡಿಯೋಗಳ ಫಲ. ಎಂಗ್ಲಂಡ್ ಗ್ಯಾಂಬಿಟ್ ಅವರಿಗೆ ಬಾಯಿಪಾಠ. ಬಿಳಿಯವರು ಡಿ4 ಆಡಿದ ಕೂಡಲೇ ಕಪ್ಪು ಇ5. ಕಾಲಾಳು ಹೋಗುತ್ತದೆ. ಕಪ್ಪು ಕುದುರೆ ಸಿ6, ಬಿಳಿ ಕುದುರೆ ಎಫ್3, ಕಪ್ಪು ರಾಣಿ ಇ7, ಬಿಳಿ ಬಿಷಪ್ ಎಫ್4, ರಾಣಿ ಬಿ4ಗೆ ಬಂದು ಚೆಕ್, ಬಿಷಪ್ ಡಿ2ಗೆ ಅಡ್ಡ, ರಾಣಿ ಬಿ2 ಹೊಡೆಯುತ್ತದೆ. ಇಲ್ಲಿ ರಾಣಿಯನ್ನು ಓಡಿಸುವ ಆಸೆಗೆ ಬಿಷಪ್ಪನ್ನು ಸಿ3ಗೆ ಇಟ್ಟರೆ ಕತೆ ಮುಗಿಯಿತು: ಕಪ್ಪು ಬಿಷಪ್ ಬಿ4ಗೆ ಬಂದು ಅದನ್ನು ಕಟ್ಟಿಹಾಕುತ್ತದೆ, ಬಿಳಿ ರಾಣಿ ಡಿ2ಗೆ ಬಂದರೂ ಬಿಷಪ್ ಸಿ3 ಹೊಡೆಯುತ್ತದೆ, ರಾಣಿ ವಾಪಸ್ ಹೊಡೆದರೆ ಸಿ1ರಲ್ಲಿ ಮೇಟ್. ಆದರೆ ಬಿಷಪ್ ಬದಲು ಕುದುರೆಯನ್ನು ಸಿ3ಗೆ ತನ್ನಿ. ಬಲೆ ಖಾಲಿ. ಕಪ್ಪು ರಾಣಿ ಬಿಳಿಯರ ಮನೆಯೊಳಗೆ ಒಂಟಿಯಾಗಿ ನಿಂತಿರುತ್ತದೆ, ಬಿಳಿ ಕಾಯಿಗಳೆಲ್ಲ ಹೊರಗೆ ಬರುತ್ತಿರುತ್ತವೆ. ಎದುರಿನವರು ತಪ್ಪಿದರೆ ಮಾತ್ರ ಕೆಲಸ ಮಾಡುವುದು ಬಲೆ. ಅವರು ಸರಿಯಾಗಿ ಆಡಿದರೂ ಕೊಟ್ಟ ಕಾಲಾಳಿಗೆ ಏನೋ ಒಂದು ಉಳಿದರೆ ಅದು ಒಳ್ಳೆಯ ಗ್ಯಾಂಬಿಟ್.

ಎದುರಿಸುವುದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಹೊಡೆಯಿರಿ, ಆದರೆ ಹೊಡೆದದ್ದನ್ನು ಅಪ್ಪಿಕೊಂಡು ಕೂರಬೇಡಿ. ಡೇನಿಷ್ ಗ್ಯಾಂಬಿಟ್‌ನಲ್ಲಿ ಬಿಳಿಯವರು ಎರಡು ಕಾಲಾಳು ಬಿಟ್ಟುಕೊಟ್ಟು ಎರಡು ಬಿಷಪ್‌ಗಳನ್ನು ಕೋವಿಯ ಹಾಗೆ ಗುರಿಯಿಟ್ಟು ನಿಲ್ಲಿಸುತ್ತಾರೆ. ಆಸ್ಟ್ರಿಯಾದ ಆಟಗಾರ ಶ್ಲೆಕ್ಟರ್ ಹೆಸರಿನ ಉತ್ತರ ಇಲ್ಲಿದೆ: ಐದನೇ ನಡೆಗೆ ಡಿ5, ಅಂದರೆ ಒಂದನ್ನು ವಾಪಸ್ ಕೊಡುವುದು. ಬಿಷಪ್ ಅದನ್ನು ಹೊಡೆಯುತ್ತದೆ, ಕಪ್ಪು ಕುದುರೆ ಎಫ್6ಗೆ. ಬಿಷಪ್ ಎಫ್7 ಹೊಡೆದು ಚೆಕ್ ಕೊಟ್ಟಾಗ ರಾಜ ಹೊಡೆಯಲಿ, ಬಿಳಿ ರಾಣಿ ಡಿ8ರಲ್ಲಿ ನಮ್ಮ ರಾಣಿಯನ್ನು ಹೊಡೆಯಲಿ, ಗಾಬರಿ ಬೇಡ. ಬಿಷಪ್ ಬಿ4ಗೆ ಬಂದು ಚೆಕ್, ಹಿಂದಿನಿಂದ ನಮ್ಮ ಆನೆ ಡಿ8ನ್ನು ನೋಡುತ್ತಿದೆ. ಬಿಳಿ ರಾಣಿ ಡಿ2ಗೆ ಬಂದು ಅಡ್ಡ ನಿಲ್ಲಲೇಬೇಕು, ಬಿಷಪ್ ಅದನ್ನು ಹೊಡೆಯುತ್ತದೆ, ಕುದುರೆ ಬಿಷಪ್ಪನ್ನು ಹೊಡೆಯುತ್ತದೆ. ಹತ್ತನೇ ನಡೆ ಮುಗಿದಾಗ ಹಲಗೆಯ ಮೇಲೆ ಇಬ್ಬರಿಗೂ ಐದೈದು ಕಾಲಾಳು, ರಾಣಿಯರಿಲ್ಲ, ಕೊಟ್ಟ ಕಾಲನ್ನು ಬಿಳಿಯವರು ವಾಪಸ್ ತೆಗೆದುಕೊಂಡಿರುತ್ತಾರೆ.