ಕಾಲು ಜೋಮು ಹಿಡಿಯೋದು ರಕ್ತ ನಿಂತಿದ್ದಕ್ಕಾ?

ಪ್ರಶ್ನೆ: ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಉಳ್ಳಾಗಡ್ಡಿ ತಪ್ಪಲು ಕೊಯ್ಯುತ್ತೇವೆ. ತಾಸೆರಡು ತಾಸು ಬಿಟ್ಟು ಎದ್ದರೆ ಕಾಲು ಜೋಮು ಹಿಡಿದಿರುತ್ತದೆ. ಆಮೇಲೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಕಾಲಿಗೆ ರಕ್ತ ಓಡೋದು ನಿಂತು ಹೀಗಾಗುತ್ತದೆ ಅಂತಾರೆ, ನಿಜವಾ?
– ಬಸವನ ಬಾಗೇವಾಡಿ ಕಡೆಯ ಓದುಗರು

ಅಕ್ಕ, ಅರ್ಧ ನಿಜ. ಕಾಲಿಗೆ ರಕ್ತ ಪೂರ್ತಿ ನಿಂತಿರುವುದಿಲ್ಲ. ಒತ್ತು ಬಿದ್ದು ಸೋತಿರುವುದು ನರ.

ನರ ಅಂದರೆ ಒಂದೇ ಎಳೆ ಅಲ್ಲ. ಇಳಕಲ್ ಮಗ್ಗದ ಹಾಸಿನ ಹಾಗೆ ಸಾವಿರಾರು ಎಳೆಗಳ ಕಟ್ಟು ಅದು. ಕಾಲ್ಬೆರಳಿನಿಂದ ಸೊಂಟದವರೆಗೆ ಹೋಗುವ ಒಂದು ಎಳೆ ಸುಮಾರು 1 ಮೀಟರ್ ಉದ್ದ ಇರುತ್ತದೆ. ಅಷ್ಟೂ ಒಂದೇ ಜೀವಕೋಶದ್ದು! ಅದರಲ್ಲಿ ಸುದ್ದಿ ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ, ಪೊಟ್ಯಾಸಿಯಂ ಹೊರಗೆ ಬರುತ್ತದೆ. ಇವೆರಡನ್ನೂ ಮತ್ತೆ ಮೊದಲಿನ ಜಾಗಕ್ಕೆ ಕಳಿಸಲು ಎಳೆಗೆ ಶಕ್ತಿ ಬೇಕು, ಅದಕ್ಕೆ ಆಮ್ಲಜನಕ ಬೇಕು. ಅದನ್ನು ತಂದುಕೊಡುವ ಕೂದಲಿನಷ್ಟು ಸಣ್ಣ ರಕ್ತನಾಳಗಳು ನರದೊಳಗೇ ಇವೆ. ನೀವು ಕಾಲು ಮಡಚಿ ಕೂತಾಗ ಅವು ಅಮುಕಿಹೋಗುತ್ತವೆ. ಸುದ್ದಿ ಅಲ್ಲೇ ನಿಲ್ಲುತ್ತದೆ.

ಮೊದಲು ಸೋಲುವುದು ಮುಟ್ಟಿದ್ದನ್ನು ತಿಳಿಸುವ ದಪ್ಪ ಎಳೆಗಳು. ನೋವು ತಿಳಿಸುವ ಸಣ್ಣ ಎಳೆಗಳು ಜಾಸ್ತಿ ಹೊತ್ತು ತಡೆಯುತ್ತವೆ. ಮುಂದಿನ ಸಲ ಜೋಮು ಹಿಡಿದಾಗ ನೋಡಿ: ನೆಲ ತಾಗಿದ್ದು ಗೊತ್ತಾಗುವುದಿಲ್ಲ, ಜೋರಾಗಿ ಚಿವುಟಿದರೆ ಮಾತ್ರ ನೋಯುತ್ತದೆ.

ಎದ್ದು ನಿಂತ ಮೇಲೆ ಒತ್ತು ಹೋಗುತ್ತದೆ. ಆಗ ಎಳೆಗಳು ಎಚ್ಚರಾಗುತ್ತಾ, ಏನೂ ತಾಗದಿದ್ದರೂ ಸುಮ್ನೆ ಸುದ್ದಿ ಕಳಿಸುತ್ತವೆ. ಪಾದದಲ್ಲೇ ಏನೋ ಆಗುತ್ತಿದೆ ಅಂತ ಮಿದುಳು ತಿಳಿಯುತ್ತದೆ. ಸೂಜಿ ಚುಚ್ಚಿದಂತೆ ಅನ್ನಿಸುವುದು ಅದಕ್ಕೇ. ನರ ಸುಧಾರಿಸಿಕೊಳ್ಳುತ್ತಿದೆ, ಹೆದರಬೇಡಿ. ಆದರೆ ತಕ್ಷಣ ನಡೆಯಬೇಡಿ, ಬಿದ್ದೀರಿ.

ಒಂದು ಜಾಗದ ಬಗ್ಗೆ ಮಾತ್ರ ಕಾಳಜಿ ಇರಲಿ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಎಲುಬಿನ ಗುಬುಟು ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಅದರ ಕೆಳಗಡೆ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಅದಕ್ಕೆ ಚರ್ಮ ಬಿಟ್ಟರೆ ಹೆಚ್ಚು ಹೊದಿಕೆ ಇಲ್ಲ. ಸುಗ್ಗಿಯಲ್ಲಿ ದಿನವಿಡೀ ಕುಕ್ಕರುಗಾಲಲ್ಲಿ ಕೂತವರಿಗೆ ಕೆಲವೊಮ್ಮೆ ಪಾದವೇ ಜೋತು ಬೀಳುತ್ತದೆ. ನಡೆಯುವಾಗ ಬೆರಳು ಎಡವುತ್ತದೆ, ಚಪ್ಪಲಿ ಜಾರುತ್ತದೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯಬಹುದು. ಅದಕ್ಕೇ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ, ಕಾಲು ಚಾಚಿ ಕೂರಿ. ಕೂಲಿ ಕಡಿಮೆ ಆದೀತು ಅಂತ ತಡೆದುಕೊಳ್ಳಬೇಡಿ.

ಪಾದ ಎತ್ತಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಒತ್ತು ಬೀಳದೆಯೂ ಎರಡೂ ಪಾದ ಜೋಮು ಹಿಡಿಯುತ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಇದ್ದಕ್ಕಿದ್ದಂತೆ ಒಂದೇ ಕಡೆಯ ಕೈಕಾಲು ಸೋತು, ಬಾಯಿ ಸೊಟ್ಟಗಾದರೆ ಅದು ಜೋಮಲ್ಲ, ಲಕ್ವ. ಆಗ ತಿಕ್ಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.