ಮತ್ತೆ ಅದೇ ಪ್ರಶ್ನೆ: ದೊಡ್ಡ ರಾಜ್ಯದಲ್ಲಿದ್ದು ದಾವಣಗೆರೆಗೇನು ಲಾಭ?

ಪ್ರಶ್ನೆ: ಸರ್, ಕರ್ನಾಟಕ ದೊಡ್ಡ ರಾಜ್ಯ, ಬಹಳ ಬೇಗ ಬೆಳೀತಿದೆ ಅಂತಾರೆ. ಅದರಿಂದ ದಾವಣಗೆರೆಯಲ್ಲಿರುವ ನಮಗೆ ಸಿಕ್ಕಿದ್ದೇನು? ಎರಡು ಚಿಕ್ಕ ರಾಜ್ಯ ಮಾಡಿದ್ದರೆ ಇಷ್ಟೊತ್ತಿಗೆ ನಾವೂ ಮುಂದೆ ಬರ್ತಿದ್ವಿ ಅಲ್ವಾ?

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತು ಅಂತ ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಒಮ್ಮೆ ಜಗಳೂರಿನಿಂದ ಬರುತ್ತದೆ, ಒಮ್ಮೆ ಹಿರಿಯೂರಿನಿಂದ. ಊರು ಬದಲಾದರೂ ಆ ಕೊನೆಯ ಸಾಲು ಮಾತ್ರ ಬದಲಾಗಲ್ಲ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟು ರಿಟೈರ್ ಆದವನು ನಾನು. ಕ್ಲಾಸಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು, ಈಗ ಇಲ್ಲೂ ಅದೇ ಪಾಠ. ಇರಲಿ. ಲಾಭ ನಷ್ಟದ ಮಾತು ಬೇಗ ಮುಗಿಸುತ್ತೇನೆ. ನಿಮ್ಮ ಕೊನೆಯ ಸಾಲಿಗೇ ಜಾಸ್ತಿ ಹೊತ್ತು ಬೇಕು.

ಲಾಭ ನೋಡಬೇಕಾದರೆ ಭಾನುವಾರ ರಾತ್ರಿ ಹತ್ತರ ಮೇಲೆ ನಮ್ಮ ಬಸ್ ಸ್ಟ್ಯಾಂಡಿಗೆ ಬನ್ನಿ. ಬೆಂಗಳೂರು ಬಸ್ಸಿನ ಬಾಗಿಲ ಹತ್ತಿರ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು ನಿಂತಿರುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಚೀಲ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದು ಮಂಡಕ್ಕಿ ಪೊಟ್ಟಣ. ರೊಟ್ಟಿ ಮುರಿಯಬಾರದು ಅಂತ ಆ ಚೀಲವನ್ನು ತೊಡೆ ಮೇಲಿಟ್ಟುಕೊಂಡೇ ಬೆಳಗಿನವರೆಗೂ ಕೂರುತ್ತಾರೆ. 260 ಕಿಲೋಮೀಟರ್ ಆಚೆ ಅವರ ಸಂಬಳ ಇದೆ. ಅಲ್ಲಿ ಆಫೀಸಿನ ಹೊರಗೆ ಬಂದರೆ ಕನ್ನಡ ನಡೆಯುತ್ತದೆ. ಜಾತಿ ಪ್ರಮಾಣಪತ್ರ ಇಲ್ಲಿ ಮಾಡಿಸಿದ್ದು ಅಲ್ಲೂ ನಡೆಯುತ್ತದೆ. ರಾಜ್ಯ ದಾಟಿ ಕೆಲಸಕ್ಕೆ ಬಂದವರನ್ನು ಕೇಳಿ ನೋಡಿ, ಈ ಕಾಗದ ಪತ್ರದ ಪಾಡು ಏನು ಅಂತ ಅವರು ಹೇಳುತ್ತಾರೆ.

ಹೋಗುವವರ ಹಾಗೇ ಬರುವವರೂ ಇದ್ದಾರೆ. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಲ್ಲಿ ಶುರುವಾಯಿತು, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ. ಹತ್ತಿ ಮಿಲ್ಲುಗಳು ಒಂದೊಂದೇ ಮುಚ್ಚಿದ ಮೇಲೆ ಈ ಊರು ಉಸಿರಾಡಿದ್ದೇ ಕಾಲೇಜುಗಳಿಂದ. ಬೀದರಿನವರೂ ಚಾಮರಾಜನಗರದವರೂ ಎಂಜಿನಿಯರಿಂಗಿಗೆ ಒಂದೇ ಸಿಇಟಿ ಬರೆದು ಇಲ್ಲಿಗೆ ಬರುತ್ತಾರೆ. ಹಾಸ್ಟೆಲ್, ಮೆಸ್ಸು, ಜೆರಾಕ್ಸ್ ಅಂಗಡಿ, ರಾತ್ರಿ ಮಿರ್ಚಿ ಗಾಡಿ, ಎಲ್ಲ ಅವರಿಂದ.

ನಷ್ಟವೂ ಇದೆ. ಮುಚ್ಚಿಡುವುದೇನೂ ಇಲ್ಲ. ‘ರಾಜ್ಯ ಬೆಳೀತಿದೆ’ ಅನ್ನುವ ಮಾತೇ ಅರ್ಧ ಸುಳ್ಳು. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಿತು. ಬೆಂಗಳೂರು ನಗರ ಜಿಲ್ಲೆ ಒಂದೇ ಶೇ. 47ರಷ್ಟು ಬೆಳೆಯಿತು. ದಾವಣಗೆರೆ ಶೇ. 9 ಕೂಡ ಮುಟ್ಟಲಿಲ್ಲ. ಚಿತ್ರದುರ್ಗ ಅದರ ಆಸುಪಾಸಿನಲ್ಲೇ. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನ ಕಡಿಮೆಯೇ ಆದರು. ಆ ಭಾನುವಾರದ ಬಸ್ಸುಗಳನ್ನು ನೋಡಿದವರಿಗೆ ಈ ಅಂಕಿ ಹೇಳಬೇಕಾಗಿಲ್ಲ.

ಇನ್ನೊಂದು ನಷ್ಟ ದೆಹಲಿ ಕಡೆಯದು. ನಮ್ಮ ತಲಾ ಆದಾಯ ಏರಿದಷ್ಟೂ ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು ಇಳಿಯುತ್ತದೆ. 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಬಂತು. ಜಿಎಸ್‌ಟಿ ಕಟ್ಟುವುದರಲ್ಲಿ ಮಹಾರಾಷ್ಟ್ರ ಬಿಟ್ಟರೆ ನಾವೇ ಮುಂದು. ಆ ತಲಾ ಆದಾಯವನ್ನು ಏರಿಸಿದ್ದು ಬೆಂಗಳೂರು. ಪಾಲು ಇಳಿದಾಗ ಕೈ ಕಟ್ಟಿದ್ದು ಮಾತ್ರ ಚಿತ್ರದುರ್ಗ ಜಿಲ್ಲೆಯ ಮೂಲೆಯ ಮೊಳಕಾಲ್ಮುರಿನದ್ದೂ ಹೌದು.

ಕಾಯುವ ಕೆಲಸ ಬೇರೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಸ್ತೆಯಲ್ಲಿ ಒಂದು ಗಂಟೆ ದಾರಿ. ರೈಲಿನಲ್ಲಿ ಹೋಗಬೇಕಂದರೆ ಚಿಕ್ಕಜಾಜೂರು ಸುತ್ತಬೇಕು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮಂಜೂರಾದಾಗ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಡಿಗ್ರಿ ಓದುತ್ತಿದ್ದಾರೆ. ಚಳ್ಳಕೆರೆಯ ಕುದಾಪುರದ ಕಡೆ ಹೋದರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಮೊದಲು ಕಂಡದ್ದು ಕಾಂಪೌಂಡ್ ಗೋಡೆ.

ಸರಿ, ಈಗ ಕೊನೆಯ ಸಾಲಿಗೆ ಬರೋಣ. ಚಿಕ್ಕ ರಾಜ್ಯ ಮಾಡಿದರೆ ಎಲ್ಲ ಸರಿಹೋಗುತ್ತದಂತೆ.

ಯಾರು ಹೇಳಿದ್ದು? ಈ ಮಾತು ಆಡುವವರೆಲ್ಲ ತೆಲಂಗಾಣದ ಕಡೆ ಬೆರಳು ತೋರಿಸುತ್ತಾರೆ. 2014ರಲ್ಲಿ ತೆಲಂಗಾಣ ಬೇರೆ ಆದಾಗ ಹೈದರಾಬಾದ್ ಅವರ ಪಾಲಿಗೆ ಹೋಯಿತು. ಆಂಧ್ರಕ್ಕೆ ತನ್ನದೇ ಅನ್ನುವ ರಾಜಧಾನಿ ಉಳಿಯಲಿಲ್ಲ. ಅಮರಾವತಿಗೆ 2015ರಲ್ಲಿ ಶಂಕುಸ್ಥಾಪನೆ ಆಯಿತು, ನಡುವೆ ಮೂರು ರಾಜಧಾನಿ ಅಂದರು, ಆಮೇಲೆ ಮತ್ತೆ ಅಮರಾವತಿ ಅಂದರು. ಅಂದರೆ ಮನೆ ಪಾಲಾದಾಗ ತೋಟ ಯಾರಿಗೆ ಬಂತು ಅನ್ನೋದೇ ಮುಖ್ಯ. 2000ದಲ್ಲಿ ಜಾರ್ಖಂಡ್ ಬೇರೆ ಆಯಿತು. ಗಣಿ ಎಲ್ಲ ಅವರದ್ದೇ. ಬಡ ರಾಜ್ಯಗಳ ಪಟ್ಟಿಯಿಂದ ಇನ್ನೂ ಹೊರಗೆ ಬಂದಿಲ್ಲ. ಅದೇ ವರ್ಷ ಉತ್ತರಾಖಂಡ ಆಯಿತು. ಬೆಟ್ಟದವರ ಕಷ್ಟಕ್ಕೆ ಅಂತಲೇ ಮಾಡಿದ ರಾಜ್ಯ ಅದು. ಕಾರ್ಖಾನೆಗಳು ಹರಿದ್ವಾರ, ಉಧಮ್ ಸಿಂಗ್ ನಗರದ ಬಯಲಿಗೆ ಬಂದವು, ಬೆಟ್ಟದ ಹಳ್ಳಿಗಳು ಖಾಲಿಯಾದವು. ನಮ್ಮ ಭಾನುವಾರದ ಬಸ್ಸು ಅಲ್ಲೂ ಹೊರಡುತ್ತದೆ.

ಈಗ ನಮ್ಮ ರಾಜ್ಯವನ್ನೇ ಒಡೆಯಿರಿ. ಬೆಂಗಳೂರು ಯಾರಿಗೆ? ಮೊದಲು ಇದಕ್ಕೆ ಉತ್ತರ ಹೇಳಿ. ಎರಡನೆಯದು, ದಾವಣಗೆರೆ ಎಲ್ಲಿಗೆ? ಹುಬ್ಬಳ್ಳಿಯವರು ನಮ್ಮನ್ನು ದಕ್ಷಿಣದವರು ಅಂತಾರೆ, ಮೈಸೂರಿನವರು ಉತ್ತರದವರು ಅಂತಾರೆ. ನಾವು ಜೋಳದ ರೊಟ್ಟಿಯನ್ನೂ ತಿಂತೀವಿ, ರಾಗಿ ಮುದ್ದೆಯನ್ನೂ ನುಂಗ್ತೀವಿ. ಗೆರೆ ಎಳೆಯುವವನು ಪೆನ್ಸಿಲ್ ಹಿಡಿದು ನಮ್ಮ ಊರಿನ ಮೇಲೇ ಬರುತ್ತಾನೆ.

ಗೆರೆ ಏನೂ ಹೊಸದಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಹರಿಹರದ ಹೊಳೆಯೇ ಗಡಿ. ಈಚೆ ದಂಡೆಯಲ್ಲಿ ಹರಿಹರ, ಮೈಸೂರು ರಾಜ್ಯ. ಆಚೆ ರಾಣೆಬೆನ್ನೂರು ಸೀಮೆ, ಬೊಂಬಾಯಿ ಸರ್ಕಾರ. ಅತ್ತ ಹರಪನಹಳ್ಳಿ 1953ರವರೆಗೂ ಮದ್ರಾಸಿನಲ್ಲಿತ್ತು. ನಮ್ಮ ಸುತ್ತ ಮೂರು ಸರ್ಕಾರ! ನಮ್ಮಜ್ಜಿಯ ತವರು ಹೊಳೆಯಾಚೆ. ಹೊಳೆ ದಾಟಿ ತವರಿಗೆ ಹೊರಟರೆ ‘ಬೊಂಬಾಯಿಗೆ ಹೊಂಟೆ’ ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರಂತೆ. ಹೀಗೆ ಹೋಳಾಗಿದ್ದಾಗ ನಮ್ಮವರು ಸುಖವಾಗಿದ್ದಿದ್ದರೆ ಏಕೀಕರಣಕ್ಕೆ ಅಷ್ಟು ವರ್ಷ ಯಾಕೆ ಬಡಿದಾಡುತ್ತಿದ್ದರು?

ಇದಕ್ಕೂ ನೀವು ಒಪ್ಪದಿದ್ದರೆ ನೀರಿನ ವಿಷಯ ಹೇಳುತ್ತೇನೆ. ಇದಕ್ಕೆ ಯಾರೂ ತಿರುಗಿ ಮಾತಾಡಿದ್ದು ನಾನು ಕಂಡಿಲ್ಲ.

ಭದ್ರಾ ಅಣೆಕಟ್ಟು ಇರುವುದು ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ. ನಮ್ಮ ಗದ್ದೆಗಳು ಇರುವುದು ನಾಲೆಯ ಕೊನೆಯಲ್ಲಿ. ಡ್ಯಾಂ 186 ಅಡಿ ತುಂಬಿತಾ ಅಂತ ದಾವಣಗೆರೆಯಲ್ಲಿ ಎಲ್ಲರೂ ಕೇಳುತ್ತಾರೆ, ಗದ್ದೆ ಇಲ್ಲದವರೂ ಕೇಳುತ್ತಾರೆ. ಮೇಲಿನವರು ತೂಬಿನ ಹತ್ತಿರ ಮೊದಲು ಕುಡಿಯುತ್ತಾರೆ, ಮಲೇಬೆನ್ನೂರಿನ ಕಡೆ ಕೊನೆ ಭಾಗದ ರೈತ ರಾತ್ರಿ ಬ್ಯಾಟರಿ ಹಿಡಿದು ನಾಲೆ ಏರಿ ಮೇಲೆ ನಡೆಯುತ್ತಾನೆ. 2023ರ ಬರದಲ್ಲಿ ನಾಲೆ ನಿಲ್ಲಿಸಿ ನಿಲ್ಲಿಸಿ ಬಿಡುವ ಲೆಕ್ಕ ಬಂದಾಗ ನಮ್ಮ ರೈತರು ರಸ್ತೆಗೆ ಇಳಿದರು. 2025ರಲ್ಲಿ ಬಲದಂಡೆ ನಾಲೆಯಿಂದ ಹೊಸದುರ್ಗ, ತರೀಕೆರೆ ಕಡೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಬಂದಾಗ ಮತ್ತೆ ಇಳಿದರು. (ಹೊಸದುರ್ಗದವರಿಗೆ ಆಗ ನಾವೇ ‘ಮೇಲಿನವರು’ ಥರ ಕಂಡೆವು. ಅದು ಬೇರೆ ಮಾತು.) ಜಗಳ ಜೋರಾಗೇ ಇತ್ತು. ಆದರೆ ಜಗಳ ಕೊನೆಗೆ ಹೋಗಿ ನಿಲ್ಲುವುದು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಯಲ್ಲಿ, ಒಂದೇ ನೀರಾವರಿ ಇಲಾಖೆಯಲ್ಲಿ, ನಾವೇ ಓಟು ಹಾಕಿದ ಒಂದೇ ಸರ್ಕಾರದ ಮುಂದೆ.

ಲಕ್ಕವಳ್ಳಿ ಒಂದು ರಾಜ್ಯ, ಮಲೇಬೆನ್ನೂರು ಇನ್ನೊಂದು ರಾಜ್ಯ ಅಂದುಕೊಳ್ಳಿ. ಅಲ್ಲಿಗೆ ಭದ್ರಾ ಇನ್ನೊಂದು ಕಾವೇರಿ ಆಯಿತು. ಕಾವೇರಿಗೆ 1990ರಲ್ಲಿ ನ್ಯಾಯಮಂಡಳಿ ಬಂತು, ಐತೀರ್ಪು 2007ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು 2018ರಲ್ಲಿ. 28 ವರ್ಷ! ಭತ್ತದ ಮಡಿ 28 ದಿನ ಕಾಯಲ್ಲ. ತುಂಗಭದ್ರಾ ಡ್ಯಾಂ ನೋಡಿ, ಮೂರು ರಾಜ್ಯಕ್ಕೆ ಸೇರಿದ್ದು, ನೋಡಿಕೊಳ್ಳಲು ಒಂದು ಮಂಡಳಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಗ ಗೇಟು ಕೂರಿಸುವುದರ ಜೊತೆಗೇ ಹೊಣೆ ಯಾರದ್ದು ಅನ್ನುವ ಚರ್ಚೆಯೂ ಶುರುವಾಯಿತು.

‘ಹಾಗಾದರೆ ಚಿಕ್ಕದು ಮಾಡಿ ಉಪಯೋಗವೇ ಇಲ್ವಾ’ ಅಂತ ಕೇಳಬಹುದು. ಇದೆ. ನಾವೇ ಮಾಡಿ ನೋಡಿದ್ದೇವಲ್ಲ! 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಅದಕ್ಕೆ ಮೊದಲು ನಮಗೆ ಡಿಸಿ ಆಫೀಸು ಅಂದರೆ ಚಿತ್ರದುರ್ಗ. ಒಂದು ಜಮೀನಿನ ಕಾಗದಕ್ಕೆ ನಾನು ಬೆಳಗಿನ ಮೊದಲ ಬಸ್ಸು ಹತ್ತಿ ಹೋದದ್ದು ಇನ್ನೂ ನೆನಪಿದೆ. ಕಚೇರಿಯ ಬಾಗಿಲಲ್ಲಿದ್ದ ಜವಾನ ತಲೆ ಎತ್ತದೆ ‘ಸಾಹೇಬ್ರು ಇಲ್ಲ, ಬೆಂಗಳೂರಿಗೆ ಹೋಗ್ಯಾರೆ, ಸೋಮವಾರ ಬರ್ರಿ’ ಅಂದ. ಸೋಮವಾರ ಹೋದೆ. ಕೆಲಸದವರು ಇದ್ದರು, ಫೈಲು ಇರಲಿಲ್ಲ. ನಾಲ್ಕನೇ ಸಲಕ್ಕೆ ಕಾಗದ ಸಿಕ್ಕಿತು. ಬಸ್ ಚಾರ್ಜು, ಹೋಟೆಲ್ ಊಟ ಸೇರಿಸಿದರೆ ಆ ಕಾಗದದ ಫೀಸಿನ ಹತ್ತು ಪಟ್ಟು ಆಗಿತ್ತು. ಜಿಲ್ಲೆ ಆದ ಮೇಲೆ ಅದೇ ಥರದ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬಂದೆ. ಸಾಹೇಬ್ರು ಆಗಲೂ ಇರಲಿಲ್ಲ ಅನ್ನಿ. ಆದರೆ ಮನೆಗೆ ಬಂದು ಊಟ ಮಾಡಿ ಮತ್ತೆ ಹೋದೆ.

ರಾಜ್ಯ ಒಡೆಯದೆಯೇ ಇದಾಯಿತು. ಸಹಿ ಹಾಕುವ ಕೈ ಹತ್ತಿರ ಬಂತು, ಅಷ್ಟೇ. ನಾವು ಕೇಳಬೇಕಾದದ್ದು ಇದನ್ನೇ. ಜಿಲ್ಲಾ ಪಂಚಾಯ್ತಿಗೆ ತನ್ನ ದುಡ್ಡು ತಾನೇ ಖರ್ಚು ಮಾಡುವ ಅಧಿಕಾರ ಎಷ್ಟು? ಪಾಲಿಕೆ ಒಂದು ಚರಂಡಿಗೆ ಬೆಂಗಳೂರಿನ ಒಪ್ಪಿಗೆ ಯಾಕೆ ಕಾಯಬೇಕು? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೆಸರು ಸಮೇತ ಬರೆದುಕೊಟ್ಟಿತು. ತಾಲ್ಲೂಕು ತಾಲ್ಲೂಕು ಲೆಕ್ಕ ಅದು. ಉತ್ತರ ದಕ್ಷಿಣ ಎರಡೂ ಕಡೆ ಹಿಂದುಳಿದವು ಇದ್ದವು. ನಡುವೆ ಗೆರೆ ಎಳೆದರೆ ಅರ್ಧ ಹಿಂದುಳಿದವರು ಆಚೆ, ಅರ್ಧ ಈಚೆ.

ಗೆರೆ ಎಳೆಯುವ ಚಟಕ್ಕೆ ಹರಪನಹಳ್ಳಿಯವರನ್ನು ಕೇಳಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂದರು. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ವಿಶೇಷ ಸ್ಥಾನಮಾನ ಬಳ್ಳಾರಿಗೆ ಸಿಕ್ಕಿತು, ತಮಗೆ ತಪ್ಪಿತು ಅಂತ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋದರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಅಲ್ಲಿಗೆ ಸೇರಿದರು. ಮನೆ ಬಿಟ್ಟು ಕದಲದೆ ಇಪ್ಪತ್ತೈದು ವರ್ಷದೊಳಗೆ ನಾಲ್ಕು ವಿಳಾಸ. ಹೈಕೋರ್ಟಿಗೆ ಈಗ ಅವರು ಧಾರವಾಡಕ್ಕೆ ಹೋಗಬೇಕು, ನಾವು ಬೆಂಗಳೂರಿಗೆ. ಆದರೂ ಅವರದ್ದು ಬುದ್ಧಿವಂತಿಕೆಯೇ. ಗೆರೆಯ ಹಿಂದೆ ಮೀಸಲಾತಿ, ಅನುದಾನ ಇತ್ತು. ಅದನ್ನು ನೋಡಿ ಗೆರೆ ದಾಟಿದರು. ಅಭಿಮಾನಕ್ಕೆ ದಾಟಲಿಲ್ಲ.

ಇಷ್ಟು ಬರೆದ ಮೇಲೆ ಒಬ್ಬರಾದರೂ ಕೇಳುತ್ತಾರೆ ಅಂತ ಗೊತ್ತು. ಹಾಗಾದರೆ ರಾಜಧಾನಿಯನ್ನೇ ದಾವಣಗೆರೆಗೆ ತಂದುಬಿಡಬಹುದಲ್ವಾ, ನಾವು ರಾಜ್ಯದ ನಟ್ಟನಡುವೆ ಇದ್ದೀವಲ್ಲ? ಟೀ ಅಂಗಡಿಯಲ್ಲಿ ಇದು ದಿನಾ ನಡೆಯುವ ಮಾತು. ನೀವು ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ.

ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು. ದಾವಣಗೆರೆಯನ್ನು ಜಿಲ್ಲೆ ಮಾಡಿದ ಜೆ.ಎಚ್. ಪಟೇಲರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ‘ನಮ್ಮ ಕಡೆಯವರಿಗೆ ಅಧಿಕಾರ ಸಿಗಲೇ ಇಲ್ಲ’ ಅನ್ನುವ ಮಾತೂ ಹಾಗಾಗಿ ನಿಲ್ಲಲ್ಲ. ಅವರಿಬ್ಬರೂ ರಾಜಧಾನಿ ತರಲಿಲ್ಲ. ಕಟ್ಟಡ ಕಟ್ಟಿದರೆ ಸರ್ಕಾರ ಬಂದು ಕೂರುತ್ತದೆ ಅಂದುಕೊಂಡರೆ ಬೆಳಗಾವಿಗೆ ಹೋಗಿ ನೋಡಿ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆ ಆಯಿತು. ಚಳಿಗಾಲದಲ್ಲಿ ಎರಡು ವಾರದ ಹತ್ತಿರ ಅಧಿವೇಶನ ನಡೆಯುತ್ತದೆ, ಕಾರುಗಳ ಸಾಲು ಬರುತ್ತದೆ, ಹೋಗುತ್ತದೆ. ಉಳಿದ ದಿನ ಅದನ್ನು ಗುಡಿಸುವವರು, ಕಾಯುವವರು ಇರುತ್ತಾರೆ.

ರಾಜಧಾನಿ ಬಂದರೆ ಮೊದಲು ಏರುವುದು ಸೈಟಿನ ರೇಟು. ಹೊರವರ್ತುಲ ರಸ್ತೆಯ ಸುದ್ದಿ ಬಂದಾಗಲೇ ನಮ್ಮ ಬೀದಿಯಲ್ಲಿ ಮೂರು ಜನ ಬ್ರೋಕರ್ ಆದರು. ಅದರಲ್ಲಿ ಒಬ್ಬ ನನ್ನ ಶಿಷ್ಯ. ರಾಜ್ಯಶಾಸ್ತ್ರದಲ್ಲಿ ಫೇಲಾದವನು. ಮೊನ್ನೆ ಸಿಕ್ಕಿ ‘ಸರ್, ಆ ರಾಜಧಾನಿ ವಿಷ್ಯ ಒಂಚೂರು ಬರೀರಲ್ಲ, ಜಾಗಕ್ಕೆ ಡಿಮ್ಯಾಂಡ್ ಬರ್ತದೆ’ ಅಂದ.

ಬರೆದಿದ್ದೇನೆ ಕಣಪ್ಪಾ, ಓದಿಕೋ.