ಮಿಲ್ಲಿನ ಹೊಗೆ ಕಾಣುತ್ತದೆ, ಗದ್ದೆಯದು ಕಾಣುವುದಿಲ್ಲ

ಹೋದ ತಿಂಗಳು ಗಂಗಾವತಿಯ ಅಕ್ಕಿ ಮಿಲ್ ಮಾಲೀಕರೊಬ್ಬರು ಫೋನ್ ಮಾಡಿದ್ದರು. ಅಕ್ಕಿ ಕೊಳ್ಳುವ ಕಂಪನಿ ಎಕ್ಸೆಲ್ ಫಾರ್ಮ್ ಕಳಿಸಿದೆಯಂತೆ. ಕ್ವಿಂಟಲ್ ಅಕ್ಕಿಗೆ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂದು ತುಂಬಬೇಕು. "ನಾವು ಹೊಟ್ಟು ಸುಡೋರು ಸರ್, ಕಲ್ಲಿದ್ದಲು ಮುಟ್ಟಂಗಿಲ್ಲ. ಸೊನ್ನೆ ಅಂತ ಬರೀಲೇನ್ರಿ?"

ಅವರ ಮಾತು ಅರ್ಧ ಸರಿ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು ಬರುತ್ತದೆ. ಬೆಳೆ ಗಾಳಿಯಿಂದ ಎಳೆದುಕೊಂಡ ಇಂಗಾಲವೇ ಬಾಯ್ಲರ್ ಹೊಗೆಯಾಗಿ ಮರಳುವುದರಿಂದ ಅದನ್ನು ಲೆಕ್ಕದಲ್ಲಿ ಬೇರೆ ಇಡುತ್ತೇವೆ. ಕರೆಂಟ್ ಬಿಲ್ಲು, ಲಾರಿ ಡೀಸೆಲ್ ಸೇರಿಸಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್.

"ಗದ್ದೆದು?" ಎಂದೆ. ಆ ಕಡೆ ಮಾತಿಲ್ಲ.

ನೀರು ನಿಂತ ಕೆಸರಿಗೆ ಗಾಳಿ ಸಿಗುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಕೂಳೆ ತಿಂದು ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಅಕ್ಕಿ ಚೀಲದ ಇಂಗಾಲದಲ್ಲಿ ದೊಡ್ಡ ಪಾಲು ಇದೇ. ಕೊಳ್ಳುವ ಕಂಪನಿಗೆ ಇದು 'ಸ್ಕೋಪ್ 3', ಅಂದರೆ ತನ್ನ ಗೇಟಿನಾಚೆ, ಮಾಲು ಬರುವ ದಾರಿಯಲ್ಲಿ ಆಗುವುದು. ಇದನ್ನು ಇಳಿಸದೆ 'ನೆಟ್ ಝೀರೋ', ಅಂದರೆ ಬಿಟ್ಟಷ್ಟು ಇಂಗಾಲ ವಾಪಸ್ ತೆಗೆದು ಲೆಕ್ಕ ಸೊನ್ನೆ ಮಾಡಿದ್ದೇವೆ ಎಂದರೆ, ಸುಮ್ನೆ ಬೋರ್ಡು ಅಷ್ಟೇ.

ಇಳಿಸುವುದು ಕಷ್ಟದ ವಿದ್ಯೆ ಏನಲ್ಲ. ಗದ್ದೆಯನ್ನು ಆಗಾಗ ಒಣಗಲು ಬಿಟ್ಟರೆ ಕೆಸರಿಗೆ ಗಾಳಿ ಸಿಗುತ್ತದೆ, ಮೀಥೇನ್ ಕಡಿಮೆಯಾಗುತ್ತದೆ. ತೂತು ಕೊರೆದ ಪ್ಲಾಸ್ಟಿಕ್ ಪೈಪಿನ ತುಂಡನ್ನು ಗದ್ದೆಯಲ್ಲಿ ಹೂಳಿ. ಒಳಗೆ ಇಣುಕಿದಾಗ ನೀರು ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗಿಳಿದಿದ್ದರೆ ಮತ್ತೆ ನೀರು ಕಟ್ಟಿ. ಹೂ ಬಿಡುವಾಗ ಮಾತ್ರ ಒಣಗಿಸಬಾರದು.

ಸಿಂಧನೂರಿನ ರೈತರೊಬ್ಬರಿಗೆ ಇದನ್ನೇ ಹೇಳಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. "ಇದ್ದ ನೀರು ಒಣಗಿಸಿದ್ರ, ಮತ್ತ ಬರತೈತಿ ಅಂತ ಯಾರು ಬರ್ಕೊಡ್ತಾರ್ರಿ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಥ ಕಡೆ ಕೂರಿಗೆ ಭತ್ತವೇ, ಅಂದರೆ ನಾಟಿ ಮಾಡದೆ ಕೂರಿಗೆಯಿಂದ ನೇರ ಬಿತ್ತುವುದೇ ವಾಸಿ. ಸಸಿಮಡಿ ಬೇಡ, ಕೆಸರು ಮಾಡುವುದು ಬೇಡ, ಮೊದಮೊದಲು ನೀರು ನಿಲ್ಲಿಸುವುದೂ ಬೇಡ. ಆದರೆ ಕಳೆ ಜಾಸ್ತಿ. ಆ ಖರ್ಚು ರೈತರ ಮೇಲೇ ಬೀಳುತ್ತದೆ, ಇಂಗಾಲ ಉಳಿದ ಹೆಸರು ಕಂಪನಿಗೆ ಹೋಗುತ್ತದೆ. ಇದು ನ್ಯಾಯ ಅಲ್ವಲ್ಲ? ಬಿತ್ತನೆಗೆ ಮುಂಚೆಯೇ ಇಷ್ಟು ದರ ಎಂದು ಕಂಪನಿ ಬರೆದುಕೊಡಬೇಕು.

ಆ ಫಾರ್ಮಿನಲ್ಲಿ ದರಕ್ಕೆ ಕಾಲಂ ಇರಲಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿ ಕಳಿಸಿದೆವು: "ಕೂರಿಗೆ ಭತ್ತದ ಅಕ್ಕಿಗೆ ಕ್ವಿಂಟಲ್‌ಗೆ ಎಷ್ಟು ಜಾಸ್ತಿ ಕೊಡುತ್ತೀರಿ?" ಇನ್ನೂ ಉತ್ತರ ಬಂದಿಲ್ಲ.